ಮನೆಯಲ್ಲೇ ಮಕ್ಕಳ ದೀಪಾವಳಿ: ಗೂಡುದೀಪ, ಹಣತೆ, ಬಲೀಂದ್ರ – ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು–ಉಡುಪಿ ಕಡೆ ದೀಪಾವಳಿ ಎಂದರೆ ಪರ್ಬ. ನೀರು ತುಂಬುವುದು, ಎಣ್ಣೆಸ್ನಾನ, ಗೂಡುದೀಪ (ಒಳಗೆ ದೀಪವಿಟ್ಟು ತೂಗುಹಾಕುವ ಗೂಡು, ಆಕಾಶಬುಟ್ಟಿ) ಏರಿಸುವುದು, ಬಲೀಂದ್ರನನ್ನು ಅಂದರೆ ಬಲಿ ಚಕ್ರವರ್ತಿಯನ್ನು ಕರೆಯುವುದು, ಗೋಪೂಜೆ ಎಲ್ಲವೂ ಮನೆಯೊಳಗೆ ಅಥವಾ ಅಂಗಳದಲ್ಲೇ ನಡೆಯುವಂಥವು. ಹಾಗಾಗಿ ಮಕ್ಕಳಿಗೆಂದು ಬೇರೆ ಚಟುವಟಿಕೆ ಹುಡುಕುವ ಅಗತ್ಯವಿಲ್ಲ. ಹಬ್ಬದ ನಿಜವಾದ ಕೆಲಸಗಳಲ್ಲೇ ಒಂದೆರಡನ್ನು ಪೂರ್ತಿಯಾಗಿ ಅವರ ಕೈಗೆ ಬಿಟ್ಟುಕೊಟ್ಟರೆ ಸಾಕು. ಕೆಳಗಿನ ಉತ್ತರಗಳೆಲ್ಲ ಅದನ್ನು ಮಾಡುವುದು ಹೇಗೆ ಎಂಬುದರ ಬಗ್ಗೆ. ಗೂಡುದೀಪಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ, ಏಕೆಂದರೆ ಅತಿ ಹೆಚ್ಚು ಪ್ರಶ್ನೆಗಳು ಬರುವುದೂ ಅದರ ಬಗ್ಗೆಯೇ, ಅರ್ಧಕ್ಕೆ ನಿಲ್ಲುವುದೂ ಅದೇ.

ಗೂಡುದೀಪ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲಿ ಯಾಕೆ ಮಾಡಬೇಕು?

ಪ್ಲಾಸ್ಟಿಕ್ ಗೂಡುದೀಪವನ್ನು ತೂಗುಹಾಕಲು ಐದು ನಿಮಿಷ ಸಾಕು, ಅದರಲ್ಲಿ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ. ಕಡ್ಡಿ ಕಟ್ಟಿ ಮಾಡಿದರೆ ಎರಡು ಮೂರು ಸಂಜೆಗಳ ಕೆಲಸವಾಗುತ್ತದೆ. ಅಳೆಯುವುದು, ಗಂಟು ಹಾಕುವುದು, ಕತ್ತರಿಸುವುದು, ಅಂಟಿಸುವುದು ಎಲ್ಲವೂ ಅದರಲ್ಲಿದೆ. ಸ್ವಲ್ಪ ಓರೆಯಾದರೂ ತೊಂದರೆಯಿಲ್ಲ, ಒಳಗೆ ದೀಪ ಹೊತ್ತಿದಾಗ ಓರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಸಾಂಪ್ರದಾಯಿಕ ಗೂಡುದೀಪದ ಆಕಾರ ನೋಡಿದರೆ ಕಷ್ಟ ಅನಿಸುತ್ತದೆ. ಎಂಟು ವರ್ಷದ ಮಗುವಿಗೆ ಸಾಧ್ಯವೇ?

ಸಾಧ್ಯ. ಆ ಆಕಾರದ ಗುಟ್ಟು ಬಹಳ ಸರಳ: ಆರು ಸಮ ಚೌಕಗಳನ್ನು ಮೂಲೆಗೆ ಮೂಲೆ ಸೇರಿಸಿ ಕಟ್ಟಿದರೆ ಗೂಡು ತಾನಾಗಿ ಆಗುತ್ತದೆ. ತ್ರಿಕೋನಗಳನ್ನು ಪ್ರತ್ಯೇಕವಾಗಿ ಮಾಡಬೇಕಾಗಿಲ್ಲ. ಚೌಕಗಳ ನಡುವೆ ಉಳಿಯುವ ಎಂಟು ಸಂದುಗಳೇ ತ್ರಿಕೋನಗಳು.

ಬೇಕಾದ ಸಾಮಾನು: ಬಿದಿರಿನ ಕಡ್ಡಿ 24, ಪ್ರತಿಯೊಂದೂ 22 ಸೆಂ.ಮೀ. ಉದ್ದ. ದಬ್ಬೆಯಿಂದ ಸೀಳಿಕೊಳ್ಳುವುದಾದರೆ 5 ಮಿ.ಮೀ. ಅಗಲ, 3 ಮಿ.ಮೀ. ದಪ್ಪ ಇರಲಿ. ಸೀಳುವುದು, ಅಂಚಿನ ಸಿಬಿರು ತೆಗೆಯುವುದು ದೊಡ್ಡವರ ಕೆಲಸ. ಬಿದಿರು ಸಿಗದಿದ್ದರೆ ಸೂಪರ್ ಮಾರ್ಕೆಟಿನ ದಪ್ಪ ಕಬಾಬ್ ಕಡ್ಡಿ ಆಗುತ್ತದೆ, ಚೂಪು ತುದಿ ಕತ್ತರಿಸಿಬಿಡಿ. ಜೊತೆಗೆ ಹತ್ತಿಯ ನೂಲು, ಗಾಳಿಪಟದ ಕಾಗದ ಎರಡು ಬಣ್ಣದ್ದು ಒಂದೊಂದು ಹಾಳೆ, ಗೂಡಿನಿಂದ ಕೆಳಗೆ ಇಳಿಬಿಡುವ ಬಾಲಕ್ಕೆ ಮತ್ತೊಂದು ಹಾಳೆ, ಮೈದಾ ಅಂಟು. ನೈಲಾನ್ ದಾರ ಬೇಡ, ಬಿದಿರಿನ ಮೇಲೆ ಗಂಟು ಜಾರುತ್ತದೆ.

ಕಟ್ಟುವ ಕ್ರಮ ಹೇಳಿ.

ಪ್ರತಿ ಕಡ್ಡಿಯ ಎರಡೂ ತುದಿಯಿಂದ 1 ಸೆಂ.ಮೀ. ಒಳಗೆ ಪೆನ್ಸಿಲ್ ಗುರುತು ಹಾಕಿ. ಗುರುತುಗಳ ನಡುವೆ ಸರಿಯಾಗಿ 20 ಸೆಂ.ಮೀ. ಇರಬೇಕು. ಗುರುತಿನ ಮೇಲೆ ಗುರುತು ಬರುವಂತೆ ನಾಲ್ಕು ಕಡ್ಡಿ ಇಟ್ಟು, ಮೂಲೆಯಲ್ಲಿ ನೂಲನ್ನು ಎರಡು ಸುತ್ತು ಒಂದು ಕರ್ಣಕ್ಕೆ, ಎರಡು ಸುತ್ತು ಇನ್ನೊಂದು ಕರ್ಣಕ್ಕೆ ಸುತ್ತಿ ಗಂಟು ಹಾಕಿ. ಹೀಗೆ ಆರು ಚೌಕ.

ಈಗ ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ, ಅಂದರೆ ಇಸ್ಪೀಟಿನ ಡೈಮಂಡ್ ಹಾಗೆ. ಒಂದರ ಬಲ ಮೂಲೆಯನ್ನು ಮುಂದಿನದರ ಎಡ ಮೂಲೆಗೆ ಕಟ್ಟುತ್ತಾ ಹೋಗಿ, ಕೊನೆಯದನ್ನು ಮೊದಲನೆಯದಕ್ಕೆ ಕಟ್ಟಿದರೆ ಬಳೆಯಂತೆ ಸುತ್ತು ಮುಚ್ಚುತ್ತದೆ. ನಾಲ್ಕು ಗಂಟು ಆಯಿತು. ಐದನೆಯ ಚೌಕವನ್ನು ಮೇಲೆ ಮಲಗಿಸಿ, ಅದರ ನಾಲ್ಕು ಮೂಲೆಗಳನ್ನು ಮೇಲ್ಮುಖವಾಗಿರುವ ನಾಲ್ಕು ಮೂಲೆಗಳಿಗೆ ಕಟ್ಟಿ. ತಿರುಗಿಸಿ, ಆರನೆಯದನ್ನು ಕೆಳಗೆ ಹಾಗೆಯೇ ಕಟ್ಟಿ. ಒಟ್ಟು 12 ಜೋಡು ಗಂಟುಗಳು. ಗೂಡಿನ ಎತ್ತರ ಸುಮಾರು 28 ಸೆಂ.ಮೀ. ಬರುತ್ತದೆ. ಬೇರೆ ಅಳತೆಯಲ್ಲಿ ಮಾಡುವುದಾದರೆ ಗುರುತುಗಳ ನಡುವಿನ ಉದ್ದವನ್ನು 1.4ರಿಂದ ಗುಣಿಸಿದರೆ ಎತ್ತರ ಸಿಗುತ್ತದೆ.

ಮೊದಲ ಸಂಜೆ ಚೌಕಗಳನ್ನು ಮಾತ್ರ ಮುಗಿಸಿ, ಮರುದಿನ ಜೋಡಿಸಿ. ಒಂದೇ ಕೂತಲ್ಲಿ ಮುಗಿಸಲು ಹೊರಟರೆ ಮಕ್ಕಳ ಬೆರಳು ಸೋಲುತ್ತದೆ, ಕೊನೆಯ ಗಂಟುಗಳು ಸಡಿಲವಾಗುತ್ತವೆ.

ಕಟ್ಟಿದ ಮೇಲೆ ಗೂಡು ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಏನು ತಪ್ಪಾಗಿದೆ?

ತಪ್ಪಲ್ಲ, ಈ ಆಕಾರದ ಸ್ವಭಾವವೇ ಅದು. ತ್ರಿಕೋನವನ್ನು ಎಷ್ಟು ಒತ್ತಿದರೂ ಆಕಾರ ಬದಲಾಗದು. ಚೌಕ ಹಾಗಲ್ಲ, ಮೂಲೆಗಳಲ್ಲಿ ಅಲುಗಿ ಓರೆಯಾಗುತ್ತದೆ. ಆದ್ದರಿಂದ ಜೋಡಿಸುವ ಮೊದಲೇ ಪ್ರತಿ ಚೌಕಕ್ಕೂ ಮೂಲೆಯಿಂದ ಮೂಲೆಗೆ ಎರಡು ದಾರ ಎಳೆದು ಕಟ್ಟಿ. ಎರಡೂ 28.3 ಸೆಂ.ಮೀ. ಇದ್ದರೆ ಚೌಕ ಸರಿಯಾಗಿದೆ ಎಂದರ್ಥ. ಒಂದು ಉದ್ದ, ಒಂದು ಗಿಡ್ಡ ಬಂದರೆ ಅದು ಓರೆ. ಆರು ಏಳನೇ ತರಗತಿಯ ಮಕ್ಕಳು ಇದನ್ನು ತಾವೇ ಅಳೆದು ಕಂಡುಕೊಳ್ಳಲಿ, ಪುಸ್ತಕದ ರೇಖಾಗಣಿತ ಕೈಗೆ ಸಿಗುವ ಜಾಗ ಇದು. ಗೂಡು ಪೂರ್ತಿಯಾಗಿ ನೇರವಾದ ಮೇಲೆ ಪ್ರತಿ ಗಂಟಿನ ಮೇಲೂ ಒಂದು ತೊಟ್ಟು ಅಂಟು ಹಚ್ಚಿ ಒಣಗಲು ಬಿಡಿ.

ತಿರುಚಲು ಇನ್ನೊಂದು ಕಾರಣ ಕಡ್ಡಿಗಳ ಅಳತೆಯಲ್ಲಿ ವ್ಯತ್ಯಾಸ. ಮೂರು ಮಿ.ಮೀ. ತಪ್ಪಿದರೂ ಕೊನೆಯ ಚೌಕ ಕೂಡಿಬರುವುದಿಲ್ಲ. 24 ಕಡ್ಡಿಯನ್ನೂ ಒಂದೇ ಮಾದರಿ ಕಡ್ಡಿಗೆ ಹಿಡಿದು ಗುರುತು ಮಾಡಿ. ಒಂದು ಗುರುತಿಸಿದ ಕಡ್ಡಿಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಎಂದು ಹೋದರೆ ತಪ್ಪು ಬೆಳೆಯುತ್ತಾ ಹೋಗುತ್ತದೆ.

ಮೈದಾ ಅಂಟು ಗಂಟುಗಂಟಾಗುತ್ತದೆ. ಸರಿಯಾದ ಹದ?

ಎರಡು ದೊಡ್ಡ ಚಮಚ ಮೈದಾವನ್ನು ಕಾಲು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ಮುಕ್ಕಾಲು ಲೋಟ ನೀರು ಕುದಿಯುವಾಗ ಅದನ್ನು ಸುರಿದು, ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಅರೆಪಾರದರ್ಶಕವಾದಾಗ ಇಳಿಸಿ. ಒಣ ಹಿಟ್ಟನ್ನು ನೇರ ಬಿಸಿನೀರಿಗೆ ಹಾಕಿದ್ದರಿಂದಲೇ ಗಂಟಾಗುವುದು. ತಣ್ಣಗಾದ ಮೇಲೆ ಮಕ್ಕಳ ಕೈಗೆ ಕೊಡಿ. ಫ್ರಿಜ್‌ನಲ್ಲಿ ಎರಡು ದಿನ ಇಡಬಹುದು. ಹುಳು ಬಾರದಿರಲಿ ಎಂದು ಕೆಲವರು ಮೈಲುತುತ್ತು ಹಾಕುತ್ತಾರೆ. ಅದು ವಿಷ, ಮಕ್ಕಳು ಮುಟ್ಟುವ ಅಂಟಿಗೆ ಹಾಕಲೇಬಾರದು. ಅಂಟು ತೆಳುವಾಗಿ ಹಚ್ಚಿದರೆ ಇರುವೆ, ಜಿರಳೆಯ ಕಾಟ ತಾನೇ ಕಡಿಮೆಯಾಗುತ್ತದೆ.

ಕಾಗದ ಸುಕ್ಕಾಗುತ್ತದೆ, ಇಲ್ಲವೇ ರಾತ್ರಿ ಜೋತುಬೀಳುತ್ತದೆ.

ಬೇಕಾಗುವುದು ಪಕ್ಕದ ನಾಲ್ಕು ಚೌಕಕ್ಕೆ ಒಂದು ಬಣ್ಣ, ಎಂಟು ತ್ರಿಕೋನಕ್ಕೆ ಇನ್ನೊಂದು ಬಣ್ಣ. ಮೇಲಿನ ಮತ್ತು ಕೆಳಗಿನ ಚೌಕ ತೆರೆದೇ ಇರಲಿ. ಬಲ್ಬ್ ಇಳಿಸುವುದಕ್ಕೂ ಬಿಸಿಗಾಳಿ ಹೊರಹೋಗುವುದಕ್ಕೂ ಅದು ದಾರಿ. ಚೌಕದ ಕಾಗದ 22 × 22 ಸೆಂ.ಮೀ. ತ್ರಿಕೋನಕ್ಕೆ 20 ಸೆಂ.ಮೀ. ಬಾಹುವಿನ ರಟ್ಟಿನ ಮಾದರಿ ಮಾಡಿ, ಅದರ ಗೆರೆಯಿಂದ 1 ಸೆಂ.ಮೀ. ಹೊರಗೆ ಕತ್ತರಿಸಿ. ಅಂಟನ್ನು ಕಾಗದಕ್ಕಲ್ಲ, ಕಡ್ಡಿಗೆ ಹಚ್ಚಿ. ಕಾಗದದ ನಡುಭಾಗ ಒದ್ದೆಯಾದರೆ ಸುಕ್ಕು ಖಂಡಿತ. ಅಂಚನ್ನು ಕಡ್ಡಿಯ ಸುತ್ತ ಮಡಚಿ, ಒಳಗಿನಿಂದ ಬೆರಳಿನಲ್ಲಿ ಒತ್ತಿ. ಮೂಲೆಯಲ್ಲಿ ಗಂಟು ಇರುವ ಕಡೆ ಸಣ್ಣ ಕಚ್ಚು ಹಾಕಿಕೊಂಡರೆ ಕಾಗದ ಹರಿಯುವುದಿಲ್ಲ.

ಜೋತುಬೀಳುವುದಕ್ಕೆ ಕಾರಣ ನಮ್ಮ ಕರಾವಳಿಯ ತೇವ. ಮಧ್ಯಾಹ್ನದ ಒಣ ಹೊತ್ತಿನಲ್ಲಿ ಅಂಟಿಸಿದ ಕಾಗದ ರಾತ್ರಿ ತೇವ ಹೀರಿ ಹಿಗ್ಗುತ್ತದೆ. ಸಂಜೆ ಏಳರ ಮೇಲೆ, ಗಾಳಿ ತೇವವಾಗಿರುವಾಗ ಅಂಟಿಸಿ ನೋಡಿ. ಹಗಲು ಒಣಗಿದಾಗ ಮದ್ದಳೆಯ ಚರ್ಮದಷ್ಟಲ್ಲದಿದ್ದರೂ ಚೆನ್ನಾಗಿಯೇ ಬಿಗಿಯುತ್ತದೆ.

ಬಾಲ ಎಷ್ಟು ಉದ್ದ ಇರಬೇಕು?

ಗೂಡಿನ ಎತ್ತರದ ಎರಡು ಪಟ್ಟು, ಅಂದರೆ 55–60 ಸೆಂ.ಮೀ. ಇದ್ದರೆ ನೋಡಲು ಸೊಗಸು. 4 ಸೆಂ.ಮೀ. ಅಗಲದ ಪಟ್ಟಿಗಳನ್ನು ಕೆಳಗಿನ ಚೌಕದ ನಾಲ್ಕು ಮೂಲೆಗೆ, ಬೇಕಿದ್ದರೆ ನಡುವಿನ ನಾಲ್ಕು ಮೂಲೆಗೂ ಅಂಟಿಸಿ. ಅಂಚಿಗೆ ಜಾಲರಿ ಬೇಕಾದರೆ ಪಟ್ಟಿಯನ್ನು ಎಂಟು ಪದರ ಮಡಚಿ, ಅಗಲದ ಮುಕ್ಕಾಲು ಭಾಗದವರೆಗೆ ಕತ್ತರಿ ಆಡಿಸಿ ಬಿಡಿಸಿ. ಐದು ವರ್ಷದ ಮಗುವೂ ಮೊಂಡು ತುದಿಯ ಕತ್ತರಿಯಲ್ಲಿ ಇದನ್ನು ಮಾಡಬಲ್ಲದು. ಕ್ರೇಪ್ ಕಾಗದ ಒಳಗೆ ತೂಗುಹಾಕುವ ದೀಪಕ್ಕೆ ಮಾತ್ರ. ಮಳೆಹನಿ ಬಿದ್ದರೆ ಬಣ್ಣ ಇಳಿದು ಗೋಡೆಗೆ ಕಲೆಯಾಗುತ್ತದೆ.

ಒಳಗೆ ಹಣತೆ ಇಡಬಹುದೇ? ಯಾವ ಬಲ್ಬ್ ಒಳ್ಳೆಯದು?

ಕಾಗದದ ಗೂಡಿನೊಳಗೆ ಹಣತೆ ಬೇಡ. ದೀಪಾವಳಿ ಹೊತ್ತಿಗೆ ಸಂಜೆ ಗಾಳಿ ಜೋರು, ಗೂಡು ತೂಗಾಡುತ್ತದೆ. 3 ವಾಟ್‌ನ ಬೆಚ್ಚನೆ ಬಣ್ಣದ ಎಲ್‌ಇಡಿ ಬಲ್ಬ್ ಧಾರಾಳ ಸಾಕು. ಹಳೆಯ 40 ವಾಟ್ ತಂತಿ ಬಲ್ಬ್ ಕಾಗದವನ್ನು ಒಣಗಿಸಿ ಕಂದು ಮಾಡುತ್ತದೆ, ತಗುಲಿದರೆ ಸುಡಲೂಬಹುದು. ಮೇಲಿನ ಚೌಕದ ಕರ್ಣಕ್ಕೆ 30 ಸೆಂ.ಮೀ. ಗಟ್ಟಿ ಕಡ್ಡಿ ಕಟ್ಟಿ, ಹೋಲ್ಡರನ್ನು ಕೆಳಮುಖವಾಗಿ ಅದಕ್ಕೆ ಬಿಗಿಯಿರಿ. ಬಲ್ಬ್ ಗೂಡಿನ ನಟ್ಟನಡುವೆ ಬರಲಿ. ಗೂಡಿನ ತೂಕ ವಯರ್ ಮೇಲೆ ಬೀಳಬಾರದು, ತೂಗುವುದಕ್ಕೆ ಬೇರೆಯೇ ಹಗ್ಗ ಇರಲಿ. ವಯರನ್ನು ಹೋಲ್ಡರಿನ ಮಟ್ಟಕ್ಕಿಂತ ಕೆಳಗೆ ಒಮ್ಮೆ ಜೋತುಬಿಟ್ಟು ಮೇಲೆ ತಂದರೆ, ಅದರ ಮೇಲೆ ಹರಿದು ಬರುವ ಮಳೆನೀರು ಹೋಲ್ಡರಿಗೆ ಇಳಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ವಯರಿಂಗ್ ಪೂರ್ತಿ ದೊಡ್ಡವರದ್ದು. ಸ್ವಿಚ್ ಒತ್ತುವ ಹಕ್ಕು ಮಾಡಿದ ಮಗುವಿನದ್ದು!

ಹಬ್ಬದ ಸಂಜೆಯೇ ಗುಡುಗು ಮಳೆ ಬಂದರೆ?

ನಮ್ಮಲ್ಲಿ ಹಿಂಗಾರಿನ ಸಂಜೆಮಳೆ ಬರುವ ಕಾಲವೇ ಅದು, ಬರುತ್ತದೆ ಎಂದೇ ತಿಳಿದುಕೊಳ್ಳಿ. ಮಾಡಿನ ಅಂಚಿನಿಂದ ಕನಿಷ್ಠ ಎರಡು ಅಡಿ ಒಳಗೆ ತೂಗುಹಾಕಿ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ತೊಟ್ಟೆಯನ್ನು (ಚೀಲವನ್ನು) ಕೊಡೆಯಂತೆ ಹಾಕಬಹುದು, ಆದರೆ ಸುತ್ತಲೂ ಕಟ್ಟಿ ಮುಚ್ಚಬೇಡಿ. ಒಳಗೆ ನೀರಾವಿ ಕೂತು ಕಾಗದ ಅದರಿಂದಲೇ ಹಾಳಾಗುತ್ತದೆ.

ಬಿದಿರು, ಕಾಗದ ಬಿಟ್ಟು ಬೇರೆ ಯಾವುದರಲ್ಲಿ ಮಾಡಬಹುದು?

ಮಂಗಳೂರಿನ ಕುದ್ರೋಳಿ ಕ್ಷೇತ್ರದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಯಲ್ಲಿ ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಎಂಬ ವಿಭಾಗಗಳಿವೆ. ಮಕ್ಕಳನ್ನು ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋದರೆ ಹತ್ತು ಉಪಾಯ ಹೊತ್ತು ತರುತ್ತಾರೆ. ಮನೆಯ ಮಟ್ಟಿಗೆ ನಮ್ಮ ಆಯ್ಕೆ ಅಡಿಕೆ ಹಾಳೆ. ಅರ್ಧ ಗಂಟೆ ನೀರಲ್ಲಿ ನೆನೆಸಿದರೆ ಮೆತ್ತಗಾಗಿ ಕತ್ತರಿಗೆ ಬಗ್ಗುತ್ತದೆ. ನಕ್ಷತ್ರ, ಮೀನು, ನವಿಲಿನ ಆಕಾರ ಕೊರೆದು, ಹಿಂದೆ ಬಣ್ಣದ ಕಾಗದ ಅಂಟಿಸಿ, ಸುರುಳಿ ಮಾಡಿ ಕಟ್ಟಿದರೆ ಕೊಳವೆಯಾಕಾರದ ದೀಪ. ಒಣಗುವವರೆಗೆ ದಾರ ಬಿಚ್ಚಬೇಡಿ, ಹಾಳೆ ಮತ್ತೆ ಮೊದಲಿನಂತೆ ಬಿಚ್ಚಿಕೊಳ್ಳುತ್ತದೆ. ಹಿಡಿಸೂಡಿಯ (ತೆಂಗಿನಗರಿ ಪೊರಕೆಯ) ಕಡ್ಡಿಯಲ್ಲೂ ಪುಟ್ಟ ಗೂಡು ಮಾಡಬಹುದು. 10 ಸೆಂ.ಮೀ. ಚೌಕಕ್ಕಿಂತ ದೊಡ್ಡದು ಬೇಡ, ಬಾಗುತ್ತದೆ. ಒಂದರ ಬುಡ, ಇನ್ನೊಂದರ ತುದಿ ಸೇರಿಸಿ ಎರಡೆರಡು ಕಡ್ಡಿ ಜೋಡಿಸಿಕೊಂಡರೆ ದಪ್ಪ ಸಮನಾಗುತ್ತದೆ.

ಮಕ್ಕಳು ಬಣ್ಣ ಬಳಿದ ಹಣತೆ ಹೊಗೆಯಾಡುತ್ತದೆ, ಎಣ್ಣೆಯೂ ಸೋರುತ್ತದೆ.

ಬಣ್ಣ ಹೊರಮೈಗೆ ಮಾತ್ರ. ಬತ್ತಿ ಕೂರುವ ಮೂತಿಯಿಂದ ಒಂದು ಬೆರಳಗಲ ಬಿಟ್ಟು ಬಳಿಯಬೇಕು. ಹೊಸ ಹಣತೆಯನ್ನು ಒಂದು ಗಂಟೆ ನೀರಲ್ಲಿ ಮುಳುಗಿಸಿ, ಪೂರ್ತಿ ಒಣಗಿಸಿ, ಆಮೇಲೆ ಬಣ್ಣ. ಹಬ್ಬದ ಸಂಜೆ ಒಳಭಾಗಕ್ಕೆ ಸ್ವಲ್ಪ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿದರೆ ಮಣ್ಣು ಎಣ್ಣೆ ಕುಡಿಯುವುದು ಕಡಿಮೆ. ಚಿತ್ತಾರಕ್ಕೆ ಕರಾವಳಿಯ ಕಾವಿ ಕಲೆಯನ್ನೇ ಮಾದರಿಯಾಗಿಡಿ: ಕೆಮ್ಮಣ್ಣಿನ ಕೆಂಪು, ಸುಣ್ಣದ ಬಿಳಿ ಎರಡೇ ಬಣ್ಣ. ಹೂ, ಬಳ್ಳಿ, ಚುಕ್ಕಿಯ ಪಟ್ಟಿ ಸಾಕು. ಮಕ್ಕಳಿಗೆ ಸುಣ್ಣ ಕೊಡಬೇಡಿ, ಚರ್ಮ ಸುಡುತ್ತದೆ. ಬಿಳಿ ಪೋಸ್ಟರ್ ಬಣ್ಣ ಬಳಸಿ. ತೆಂಗಿನ ಗೆರಟೆಯ ದೀಪ ಮಾಡುವವರು ಒಳಗೊಂದು ಮಣ್ಣಿನ ಹಣತೆ ಇಟ್ಟೇ ಉರಿಸಿ, ಗೆರಟೆಗೆ ಬೆಂಕಿ ಬೇಗ ಹಿಡಿಯುತ್ತದೆ.

ಬಣ್ಣದ ಉಪ್ಪಿನ ರಂಗೋಲಿ ಮರುದಿನಕ್ಕೆ ನೀರಾಗಿರುತ್ತದೆ!

ಉಪ್ಪು ತೇವ ಎಳೆಯುತ್ತದೆ, ಮಂಗಳೂರಿನ ಹವೆಗೆ ಅದು ಹೊಂದುವುದಿಲ್ಲ. ಸಣ್ಣ ರವೆಗೆ ಬಣ್ಣ ಬೆರೆಸಿ: ಒಂದು ಲೋಟ ರವೆಗೆ ಅರ್ಧ ಚಮಚ ಅರಿಶಿನ ಅಥವಾ ಕುಂಕುಮ, ಹಸುರಿಗೆ ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪಿನ ಪುಡಿ. ಇನ್ನೂ ಒಳ್ಳೆಯದು ಹೂವಿನ ರಂಗೋಲಿ. ಗೊಂಡೆ ಹೂವಿನ ಎಸಳು ಬಿಡಿಸುವುದು ಮೂರು ವರ್ಷದ ಮಗುವಿಗೂ ಬರುತ್ತದೆ. ಫ್ಲ್ಯಾಟಿನ ಕಾರಿಡಾರಿನಲ್ಲಾದರೆ ನಡೆಯುವ ದಾರಿ ಬಿಟ್ಟು ಗೋಡೆ ಬದಿಗೆ ಹಾಕಿ. ಟೈಲ್ಸ್ ಮೇಲೆ ಎಸಳು ಜಾರುತ್ತದೆ.

ಹಂಡೆ ಇಲ್ಲದ ಮನೆಯಲ್ಲಿ ನೀರು ತುಂಬುವ ಶಾಸ್ತ್ರ ಹೇಗೆ?

ಬಕೆಟಿಗೇ ಮಾಡಿ. ತ್ರಯೋದಶಿ ಸಂಜೆ ಮಗುವೇ ಬಕೆಟ್ ತೊಳೆದು, ಹೊರಗೆ ಶೇಡಿಯಲ್ಲಿ (ಬಿಳಿ ಮಣ್ಣಿನಲ್ಲಿ) ಗೆರೆ ಎಳೆದು, ಗೊಂಡೆ ಹೂವಿನ ಮಾಲೆ ಸುತ್ತಿ, ನೀರು ತುಂಬಲಿ. ಶೇಡಿ ಇಲ್ಲದಿದ್ದರೆ ಅಕ್ಕಿಹಿಟ್ಟು ಕಲಸಿದ ನೀರು ಆಗುತ್ತದೆ. ತಾಮ್ರದ ತಂಬಿಗೆ ಇದ್ದರೆ ಹುಣಸೆಹುಳಿ, ಉಪ್ಪು ಹಚ್ಚಿ ತಿಕ್ಕಲು ಕೊಡಿ. ಕಪ್ಪು ಹೋಗಿ ಕೆಂಪು ಹೊಳಪು ಬರುವುದನ್ನು ನೋಡುವುದೇ ಅವರಿಗೆ ಸಂಭ್ರಮ. ಮರುದಿನ ಬೆಳಗಿನ ಎಣ್ಣೆಸ್ನಾನಕ್ಕೆ ಆ ನೀರೇ. ಎಣ್ಣೆ ಬಿದ್ದ ಬಚ್ಚಲಿನ ನೆಲ ಜಾರುತ್ತದೆ, ಮಣೆ ಅಥವಾ ಗೋಣಿ ಹಾಸಿ.

ಮಕ್ಕಳೇ ಮಾಡಬಹುದಾದ ಹಬ್ಬದ ತಿಂಡಿ?

ಬೆಲ್ಲದ ಅವಲಕ್ಕಿ, ಒಲೆಯೇ ಬೇಡ. ತೆಳು ಅವಲಕ್ಕಿ ಮೂರು ಲೋಟ, ತೆಂಗಿನತುರಿ ಒಂದು ಲೋಟ, ಪುಡಿಬೆಲ್ಲ ಅರ್ಧ ಲೋಟ, ಏಲಕ್ಕಿ ಎರಡು, ಹುರಿದ ಎಳ್ಳು ಒಂದು ಚಮಚ. ಮೊದಲು ಬೆಲ್ಲ, ತೆಂಗಿನತುರಿ ಎರಡನ್ನೇ ಕೈಯಲ್ಲಿ ಚೆನ್ನಾಗಿ ಹಿಸುಕಿ ನೀರು ಬಿಡಿಸಬೇಕು. ಆಮೇಲೆ ಅವಲಕ್ಕಿ ಸೇರಿಸಿ ಹತ್ತು ನಿಮಿಷ ಮುಚ್ಚಿಡಿ. ತೆಳು ಅವಲಕ್ಕಿಯನ್ನು ತೊಳೆದರೆ ಮುದ್ದೆಯಾಗುತ್ತದೆ. ದಪ್ಪ ಅವಲಕ್ಕಿಯಾದರೆ ಮಾತ್ರ ತೊಳೆದು ಬಸಿದು ಹಾಕಿ. ಒಣ ಕೊಬ್ಬರಿಯಲ್ಲಿ ಇದು ಆಗುವುದಿಲ್ಲ, ಹಸಿ ತೆಂಗಿನಕಾಯಿಯೇ ಬೇಕು.

ಬಲೀಂದ್ರ ಕರೆಯುವುದರಲ್ಲಿ ಮಕ್ಕಳಿಗೆ ಏನು ಪಾತ್ರ?

ಅಮಾವಾಸ್ಯೆಯ ಅಥವಾ ಪಾಡ್ಯದ ರಾತ್ರಿ, ಆಯಾ ಮನೆಯ ಪದ್ಧತಿಯಂತೆ, ಅಂಗಳದಲ್ಲೂ ಗದ್ದೆಯಲ್ಲೂ ದೀಪವಿಟ್ಟು ಬಲೀಂದ್ರನನ್ನು ಕರೆಯುತ್ತಾರೆ. ಅಂಗಳದಲ್ಲಿ ಕಂಬ ನೆಡುವ ಮನೆಗಳಲ್ಲಿ ಹಾಲೆಮರದ ಕೊಂಬೆಗೆ ಕಾಡುಹೂ ಕಟ್ಟುವುದು ಮಕ್ಕಳ ಕೆಲಸವಾಗಲಿ. ಕರೆಯ ಕೊನೆಗೆ ಎಲ್ಲರೂ ಸೇರಿ ‘ಕೂ’ ಎಂದು ಕೂಗುವಾಗ ಮಕ್ಕಳ ಗಂಟಲೇ ಮುಂದಿರಬೇಕು.

ಆ ತುಳು ಕರೆಯ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳಿ. ದಾನಿಯಾದ ಬಲಿಗೆ ಅವನ ರಾಜ್ಯ ಮರಳಿ ಸಿಗುವುದು ಯಾವಾಗ? ಕಲ್ಲು ಕಾಯಾಗುವಾಗ, ಉಪ್ಪು ಕರ್ಪೂರವಾಗುವಾಗ, ಉದ್ದು ಮದ್ದಳೆಯಾಗುವಾಗ. ಅಂದರೆ ಎಂದೂ ಇಲ್ಲ. ಆದರೂ ವರ್ಷಕ್ಕೊಮ್ಮೆ ತನ್ನ ನೆಲವನ್ನೂ ಜನರನ್ನೂ ನೋಡಿಹೋಗಲು ಬರುತ್ತಾನೆ ಎಂಬ ನಂಬಿಕೆ. ಇದನ್ನು ಕೇಳಿದ ಮಕ್ಕಳು ಸುಮ್ಮನೆ ಕೂರುವುದಿಲ್ಲ, ಆಗದ ಮಾತುಗಳನ್ನು ತಾವೂ ಕಟ್ಟತೊಡಗುತ್ತಾರೆ: ನೇತ್ರಾವತಿ ಘಟ್ಟ ಹತ್ತುವಾಗ, ಬಂಗುಡೆ ತೆಂಗಿನಮರ ಏರುವಾಗ! ಊಟದ ಮೇಲೆ ಅಂಗಳದಲ್ಲಿ ಒಬ್ಬೊಬ್ಬರೂ ಒಂದೊಂದು ಸಾಲು ಹೇಳಿ, ಉಳಿದವರು ‘ಕೂ’ ಹಾಕುವ ಆಟ ಆಡಿಸಿ. ಹಿರಿಯರು ಹೇಳುವ ಕರೆಯೊಳಗೆ ಮಾತ್ರ ಇದನ್ನು ಬೆರೆಸಬೇಡಿ. ಅದು ಇದ್ದ ಹಾಗೇ ಕಿವಿಗೆ ಬಿದ್ದು ಉಳಿಯಲಿ. ಈ ಕರೆ ಹೇಳಲು ಬರುವ ಅಜ್ಜ ಅಥವಾ ಮಾವ ಮನೆಯಲ್ಲಿದ್ದರೆ ಫೋನಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ, ಅದನ್ನು ಪೂರ್ತಿ ಬಲ್ಲವರು ಕಡಿಮೆಯಾಗುತ್ತಿದ್ದಾರೆ.

ಗೋಪೂಜೆಗೆ ಮಕ್ಕಳನ್ನು ಕರೆದೊಯ್ಯುವಾಗ?

ದನಕ್ಕೆ ಕಾಣುವಂತೆ ಮುಂದಿನಿಂದ, ಸ್ವಲ್ಪ ಪಕ್ಕದಿಂದ ಹೋಗಬೇಕು, ಹಿಂದಿನಿಂದ ಅಲ್ಲ. ಮೈಗೆ ಅಕ್ಕಿಹಿಟ್ಟಿನ ನೀರಲ್ಲಿ ಲೋಟದ ಬಾಯಿ ಅದ್ದಿ ಉರುಟು ಗುರುತು ಹಾಕಬಹುದು. ಪೇಂಟ್ ಬೇಡ, ದನ ಮೈ ನೆಕ್ಕುತ್ತದೆ. ತಿನ್ನಲು ಹುಲ್ಲು, ಒಂದೆರಡು ಬಾಳೆಹಣ್ಣು ಸಾಕು. ಅನ್ನ, ಪಾಯಸ, ಸಿಹಿಯನ್ನು ಮನೆಮನೆಯವರೂ ತಿನ್ನಿಸಿದರೆ ಹೊಟ್ಟೆಯಲ್ಲಿ ಹುಳಿಯೇರಿ ದನ ಕಾಯಿಲೆ ಬೀಳುತ್ತದೆ.

ಪಟಾಕಿ?

ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರ ಸಮಯ ಗೊತ್ತುಮಾಡಿತು. ಸಣ್ಣ ಮಕ್ಕಳಿಗೆ ನಕ್ಷತ್ರಕಡ್ಡಿಯೇ ಸುರಕ್ಷಿತ ಎಂಬ ನಂಬಿಕೆ ತಪ್ಪು. ಅದರ ತುದಿ ಸಾವಿರ ಡಿಗ್ರಿ ದಾಟುತ್ತದೆ, ಆರಿದ ಮೇಲೂ ತಂತಿ ಸುಡುತ್ತದೆ, ಬರಿಗಾಲಲ್ಲಿ ತುಳಿದು ಸುಟ್ಟುಕೊಳ್ಳುವುದೇ ಹೆಚ್ಚು. ಉರಿದ ಕಡ್ಡಿ ಹಾಕಲು ನೀರು ತುಂಬಿದ ಬಾಲ್ದಿ ಪಕ್ಕದಲ್ಲಿರಲಿ. ಹತ್ತಿ ಬಟ್ಟೆ, ಕಾಲಿಗೆ ಚಪ್ಪಲಿ ಕಡ್ಡಾಯ. ಸುಟ್ಟರೆ ನಲ್ಲಿಯ ಹರಿಯುವ ನೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಮಂಜುಗಡ್ಡೆ ಯಾವುದೂ ಬೇಡ. ಗುಳ್ಳೆ ಒಡೆಯಬೇಡಿ. ಮುಖ, ಕಣ್ಣು, ಅಂಗೈಗೆ ತಗುಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಗೂಡುದೀಪ ಎಷ್ಟು ದಿನ ಉರಿಸಬೇಕು? ಆಮೇಲೆ ಏನು ಮಾಡುವುದು?

ಕಾರ್ತಿಕ ಮಾಸ ಪೂರ್ತಿ ಉರಿಸುವ ಮನೆಗಳಿವೆ, ತುಳಸಿಪೂಜೆಗೆ ನಿಲ್ಲಿಸುವವರೂ ಇದ್ದಾರೆ. ಉಡುಪಿಯ ರಥಬೀದಿಯಲ್ಲಿ ಲಕ್ಷದೀಪೋತ್ಸವ ಆರಂಭವಾಗುವುದೂ ತುಳಸಿಪೂಜೆಯ ಉತ್ಥಾನ ದ್ವಾದಶಿಯಂದೇ. ಅಲ್ಲಿಯವರೆಗಾದರೂ ಮಗುವಿನ ಗೂಡು ಉರಿಯಲಿ. ಇಳಿಸಿದ ಮೇಲೆ ಕಾಗದವನ್ನು ಒದ್ದೆ ಬಟ್ಟೆಯಿಂದ ಮೆತ್ತಗೆ ಮಾಡಿ ಸುಲಿದುಹಾಕಿ, ಅಂಟು ಪೂರ್ತಿ ಒರೆಸಿ. ಅಂಟು ಉಳಿದರೆ ಹುಳು ಬರುತ್ತದೆ. ಗೂಡನ್ನು ಎರಡು ದಿನ ಬಿಸಿಲಿಗಿಟ್ಟು, ಹಳೆ ಪೇಪರಿನಲ್ಲಿ ಸುತ್ತಿ, ಗೆದ್ದಲು ಹತ್ತದಂತೆ ನೆಲ ಗೋಡೆಗೆ ತಾಗದೆ ತೂಗುಹಾಕಿ. ಮಳೆಗಾಲ ಮುಗಿದ ಮೇಲೆ ತೆಗೆದು, ಸಡಿಲವಾದ ಗಂಟುಗಳನ್ನು ಬಿಗಿದು, ಬೂಸ್ಟು ಹಿಡಿದ ಕಡ್ಡಿ ಇದ್ದರೆ ಅದೊಂದನ್ನು ಬದಲಾಯಿಸಿದರೆ ಸಾಕು. ಹೊಸದಾಗಿ ಬೇಕಾಗುವುದು ಕಾಗದ ಮಾತ್ರ.